ಎಂಟ್‌ಬ್ರ್ಯಾಟ್ ಬರುತ್ತಿಲ್ಲ ಅಂದವರಿಗೆ

ಮೈ ಸಿಂಗಿಂಗ್ ಮಾನ್‌ಸ್ಟರ್ಸ್ ಮೊಬೈಲ್ ಗೇಮ್‌ನ ಪ್ಲಾಂಟ್ ಐಲ್ಯಾಂಡ್ ದ್ವೀಪದಲ್ಲಿ ಬೋಗಾರ್ಟ್ ಮತ್ತು ನಾಗ್ಗಿನ್ ಮಾನ್‌ಸ್ಟರ್‌ಗಳನ್ನು ಮರಿಗಾಗಿ ಜೋಡಿಸಿದರೂ ಎಂಟ್‌ಬ್ರ್ಯಾಟ್ ಅನ್ನೋ ಮಾನ್‌ಸ್ಟರ್ ಸಿಗುತ್ತಿಲ್ಲ, ಜೋಡಿ ಬದಲಿಸಬೇಕಾ ಎಂದು ಕೇಳಿದ್ದೀರಿ. ಬೇಡ. ನಿಮ್ಮ ಜೋಡಿ ಸರಿಯಾಗಿದೆ.

ಎಂಟ್‌ಬ್ರ್ಯಾಟ್‌ಗೆ ಗಿಡ, ಮಣ್ಣು, ಚಳಿ, ನೀರು ಈ ನಾಲ್ಕೂ ಅಂಶ (ಎಲಿಮೆಂಟ್) ಬೇಕು. ಬೋಗಾರ್ಟ್‌ನಲ್ಲಿ ಮೂರಿವೆ, ಇಲ್ಲದ ಮಣ್ಣನ್ನು ನಾಗ್ಗಿನ್ ಕೊಡುತ್ತದೆ. ಟಿ-ರಾಕ್ಸ್ ಜೊತೆ ಪಾಟ್‌ಬೆಲ್ಲಿ ಹಾಕಿದರೂ ಲೆಕ್ಕ ಅದೇ. ಆದರೆ ನನಗೆ ನಿಮ್ಮ ಜೋಡಿಯೇ ಇಷ್ಟ. ಯಾಕೆ ಗೊತ್ತಾ? ಪ್ರಯತ್ನ ತಪ್ಪಿದಾಗ ತಂದೆ ತಾಯಿಯಲ್ಲಿ ಒಂದರ ಮೊಟ್ಟೆಯೇ ಬರುತ್ತದೆ. ನಾಗ್ಗಿನ್ ಬಂದರೆ ಬರೀ 5 ಸೆಕೆಂಡ್, ಮಾರಿಬಿಟ್ಟು ತಕ್ಷಣ ಮತ್ತೆ ಜೋಡಿಸಬಹುದು. ಪಾಟ್‌ಬೆಲ್ಲಿ ಬಂದರೆ 2 ಗಂಟೆ ಸುಮ್ನೆ ಹೋಗುತ್ತದೆ. ಬೋಗಾರ್ಟ್ ಬಂದಾಗ ಮಾತ್ರ 12 ಗಂಟೆ ಕಾಯಬೇಕು. ಅದಕ್ಕೇ ಮಲಗುವ ಮುಂಚೆ ಒಮ್ಮೆ ಜೋಡಿಸಿಡಿ.

ಟೈಮರ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಜೋಡಿಸಿದ ಕೂಡಲೇ 24 ಗಂಟೆ ತೋರಿಸಿದರೆ ಅದೇ ಎಂಟ್‌ಬ್ರ್ಯಾಟ್! ಆಮೇಲೆ ಮೊಟ್ಟೆ ಮರಿಯಾಗುವ ನರ್ಸರಿಯಲ್ಲೂ ಅಷ್ಟೇ ಹೊತ್ತು ಹಿಡಿಯುತ್ತದೆ. ಅವಸರಕ್ಕೆ ಗೇಮ್‌ನ ವಜ್ರ ಸುರಿಯಬೇಡಿ, ದಯವಿಟ್ಟು.

ವಿಶಿಂಗ್ ಟಾರ್ಚ್ (ಅದೃಷ್ಟ ಹೆಚ್ಚಿಸುವ ಪಂಜು) ಹಾಕಿದ್ದೀರಾ? ಒಂದು ದ್ವೀಪದಲ್ಲಿ 10ರವರೆಗೆ ಇಡಬಹುದು. ಉರಿಯುತ್ತಿರುವ ಟಾರ್ಚ್ ಜಾಸ್ತಿ ಇದ್ದಷ್ಟೂ ಅಪರೂಪದ್ದು ಸಿಗುವ ಸಾಧ್ಯತೆ ಜಾಸ್ತಿ. ಗೆಳೆಯರೂ ನಿಮ್ಮ ಟಾರ್ಚ್ ಹಚ್ಚಬಹುದು, ಹಾಗಾಗಿ ದಿನವೂ ಆಡುವವರನ್ನು ಸೇರಿಸಿಕೊಳ್ಳಿ. ನಿಮ್ಮ ಫ್ರೆಂಡ್ ಕೋಡ್ ಹಾಕಿ, ನಾನೂ ಬಂದು ಹಚ್ಚುತ್ತೇನೆ.