ಮೊದಲು ವಿಳಾಸ: ಜರ್ಮನಿಗೆ ಹೊರಟವರ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಿಂದ ಓದಿಗೆ, ನರ್ಸ್ ಕೆಲಸಕ್ಕೆ, ಕಾರ್ಖಾನೆ ಮತ್ತು ಕಂಪ್ಯೂಟರ್ ಕೆಲಸಕ್ಕೆ ಜರ್ಮನಿಗೆ ಹೊರಟವರೂ ಅವರ ಮನೆಯವರೂ ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಒಂದೇ ಬಗೆಯವನ್ನು ಕೂಡಿಸಿದ್ದೇವೆ.

ಮುಂದಿನ ತಿಂಗಳು ಕೆಲಸಕ್ಕೆ ಹೊಂಟೀನಿ. ಬ್ಯಾಂಕ್ ಖಾತೆ, ವಿಮೆ, ತೆರಿಗೆ ನಂಬರು, ವೀಸಾ ಮುಂದುವರಿಕೆ ಎಲ್ಲಾ ಇಳಿದ ಕೂಡಲೆ ಮಾಡಿಸಬೇಕಂತಾರೆ. ಯಾವುದು ಮೊದಲು ಮಾಡ್ಲಿ?
*ಓದುಗರು, ತೋರಣಗಲ್ಲು*

ವಿಳಾಸ. ಅದೊಂದು ಆಗದೆ ಮಿಕ್ಕಿದ್ದು ಯಾವುದೂ ಮುಂದಕ್ಕೆ ಸಾಗುವುದಿಲ್ಲ. ಮನೆ ಸೇರಿದ ಎರಡು ವಾರದೊಳಗೆ ಆ ಊರಿನ ನಾಗರಿಕ ಕಚೇರಿಯಲ್ಲಿ ನಿಮ್ಮ ವಾಸವನ್ನು ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಬಹಳ ಜನ ಬಾಡಿಗೆ ಕರಾರು ಹಿಡಿದು ಹೋಗಿ ವಾಪಸ್ ಬರುತ್ತಾರೆ, ಕರಾರು ಸಾಲದು. "ಇವರು ಇಂಥ ದಿನದಿಂದ ನನ್ನ ಮನೆಯಲ್ಲಿದ್ದಾರೆ" ಎಂದು ಮನೆ ಮಾಲೀಕರು ಸಹಿ ಮಾಡಿಕೊಟ್ಟ ಬೇರೆಯೇ ಒಂದು ಪುಟ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಉಚ್ಚಾರಣೆ ಕಷ್ಟವಾದರೆ ಬರೆದು ತೋರಿಸಿ. ಹಾಸ್ಟೆಲ್ ಅಥವಾ ಆಸ್ಪತ್ರೆಯ ವಸತಿಯಲ್ಲಿದ್ದರೆ ಆ ಕಾಗದ ಕೊಡಬೇಕಾದವರು ಅವರೇ. ಕೀಲಿಕೈ ಇಸಿದುಕೊಳ್ಳುವಾಗಲೇ ಇದನ್ನೂ ಕೇಳಿ ಇಸಿದುಕೊಳ್ಳಿ. ದೊಡ್ಡ ಊರುಗಳಲ್ಲಿ ಕಚೇರಿಯ ಭೇಟಿ ಸಮಯ ವಾರಗಟ್ಟಲೆ ಆಚೆ ಸಿಗುತ್ತದೆ, ಹಾಗಾಗಿ ಮನೆ ಗೊತ್ತಾಗಿದ್ದರೆ ಇಲ್ಲಿಂದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿ. ಕಾಯ್ದಿರಿಸಿದ್ದಕ್ಕೆ ಬರುವ ಮೇಲ್ ಅಳಿಸಬೇಡಿ.

ಮನೆ ಸಿಗದವರು ಗೆಳೆಯರ ವಿಳಾಸದಲ್ಲಿ ಹೆಸರು ಹಾಕಿಸಬಹುದೇ ಎಂದೂ ಕೆಲವರು ಕೇಳಿದ್ದಾರೆ. ನಿಜಕ್ಕೂ ಅಲ್ಲಿ ಇರುವುದಾದರೆ ಸರಿ, ಹೆಸರಿಗೆ ಮಾತ್ರವಾದರೆ ಬೇಡ. ವಾಸವಿಲ್ಲದವರಿಗೆ ವಿಳಾಸ ಕೊಟ್ಟವರಿಗೆ ಕಾನೂನಿನಲ್ಲಿ 50,000 ಯೂರೋವರೆಗೆ ದಂಡವಿದೆ. ನಿಮಗೆ ಉಪಕಾರ ಮಾಡಲು ಹೋದ ಗೆಳೆಯ ಸಿಕ್ಕಿಬೀಳುತ್ತಾನೆ.

ನೋಂದಣಿ ಆದ ಮೇಲೆ ಎರಡರಿಂದ ನಾಲ್ಕು ವಾರದಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬ್ಯಾಂಕ್ ಕಾರ್ಡು, ಅದರ ಗುಪ್ತ ಸಂಖ್ಯೆ, ಆರೋಗ್ಯ ವಿಮೆಯ ಕಾರ್ಡು ಕೂಡ ಅಂಚೆಯಲ್ಲೇ ಬರುವುದು. ಎಡವುವುದು ಇಲ್ಲೇ. ನಮ್ಮಲ್ಲಿ ಅಂಚೆಯವರು ಓಣಿಯಲ್ಲಿ ಹೆಸರು ಕೇಳಿ ಮನೆ ಹುಡುಕುತ್ತಾರೆ. ಅಲ್ಲಿ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮೊದಲ ದಿನವೇ ಡಬ್ಬಿಗೂ ಕರೆಗಂಟೆಗೂ ಹೆಸರಿನ ಚೀಟಿ ಅಂಟಿಸಿ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದ್ದವರಿಗೆ ಇನ್ನೊಂದು ತೊಡಕು: ಅಲ್ಲಿನ ಅರ್ಜಿಗಳು ಹೆಸರು, ಕುಟುಂಬದ ಹೆಸರು ಎರಡನ್ನೂ ಕೇಳುತ್ತವೆ; ಒಂದೊಂದು ಕಡೆ ಒಂದೊಂದು ಥರ ಬರೆದುಕೊಂಡರೆ ಮುಂದೆ ತಾಳೆಯಾಗುವುದಿಲ್ಲ. ವೀಸಾ ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ತಿದ್ದಿಸಿಕೊಳ್ಳುವುದು ಒಳ್ಳೆಯದು.

ತೆರಿಗೆ ಸಂಖ್ಯೆ ಕಂಪನಿಗೆ ಕೊಡದೆ ಹೋದರೆ ಸಂಬಳದಿಂದ ಆರನೇ ವರ್ಗದ ತೆರಿಗೆ ಹಿಡಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕಡಿತ ಅದರದ್ದೇ. ಹೆಚ್ಚಾಗಿ ಹೋದದ್ದು ಆಮೇಲೆ ಲೆಕ್ಕದಲ್ಲಿ ಬರುತ್ತದೆ, ಆದರೆ ಕೈ ಬಿಗಿ ಇರುವ ಮೊದಲ ತಿಂಗಳಲ್ಲೇ ಆ ಹೊಡೆತ ಬೀಳುತ್ತದೆ. ವಿಮೆಗೆ ಸರಕಾರಿ ವಿಮಾ ನಿಧಿಗಳಲ್ಲಿ ಒಂದನ್ನು ಆರಿಸಿ ಕಂಪನಿಗೆ ತಿಳಿಸಿದರೆ ಆಯಿತು. ಕಂತಿನ ಅರ್ಧ ಅವರು ಕಟ್ಟುತ್ತಾರೆ. ದುಡಿಮೆಯಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ನಿಮ್ಮೊಡನೆ ಅಲ್ಲಿದ್ದರೆ ಅದೇ ಕಂತಿನಲ್ಲಿ ಸೇರುತ್ತಾರೆ.

ವಾಸದ ಪರವಾನಗಿಗೆ ವಿದೇಶಿಯರ ಕಚೇರಿಯಲ್ಲಿ ನೋಂದಣಿ ಆದ ವಾರದಲ್ಲೇ ಅರ್ಜಿ ಹಾಕಿ. ವೀಸಾ ಮುಗಿಯುವ ಮುಂಚೆ ಅರ್ಜಿ ಸೇರಿದ್ದರೆ, ಪರವಾನಗಿಯ ಕಾರ್ಡು ತಡವಾದರೂ ನಿಮ್ಮ ವಾಸ ಕಾನೂನುಬದ್ಧ; ಅದಕ್ಕೆ ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ಕಾಗದ ಕೇಳಿ ಪಡೆಯಿರಿ. ಮುಗಿದ ಮಾರನೇ ದಿನ ಹಾಕಿದ ಅರ್ಜಿಗೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳಲಾಗದು.

ನನ್ನ ತಂಗಿಗೆ ಆನ್‌ಲೈನಿನಲ್ಲಿ ಒಂದು ಮನೆ ಸಿಕ್ಕಿದೆ. ಮಾಲೀಕರು ಬೇರೆ ದೇಶದಲ್ಲಿದ್ದಾರಂತೆ, ಮೂರು ತಿಂಗಳ ಮುಂಗಡ ಹಾಕಿದರೆ ಕೀಲಿಕೈ ಅಂಚೆಯಲ್ಲಿ ಕಳಿಸುತ್ತಾರಂತೆ. ಹಾಕಬಹುದಾ?
*ಓದುಗರು, ಗಂಗಾವತಿ*

ಹಾಕಬೇಡಿ. ಇದು ಮೋಸದ ಹಳೇ ನಮೂನೆ. ಮನೆಯನ್ನು ಯಾರಾದರೂ ಕಣ್ಣಾರೆ ನೋಡುವ ತನಕ ಒಂದು ಯೂರೋ ಕೂಡ ಕಳಿಸಬಾರದು. ಮೊದಲ ಒಂದೆರಡು ತಿಂಗಳಿಗೆ ವಿದ್ಯಾರ್ಥಿ ನಿಲಯವೋ ನೋಂದಣಿಗೆ ಕಾಗದ ಕೊಡುವ ಸಣ್ಣ ಅವಧಿಯ ಕೋಣೆಯೋ ಹಿಡಿದು, ಖಾಯಂ ಮನೆಯನ್ನು ಅಲ್ಲಿಂದಲೇ ಹುಡುಕಲಿ.

ಬಾಡಿಗೆಯಲ್ಲಿ ಎರಡು ಮೊತ್ತ ಇರುತ್ತವೆ. ಕಾಲ್ಟ್‌ಮೀಟೆ ಎಂದರೆ ಗೋಡೆ, ಸೂರಿನ ಬಾಡಿಗೆ ಮಾತ್ರ. ವಾರ್ಮ್‌ಮೀಟೆಯಲ್ಲಿ ನೀರು, ಕಸ ಮತ್ತು ಸಾಮಾನ್ಯವಾಗಿ ಮನೆ ಕಾಯಿಸುವ ಖರ್ಚು ಸೇರುತ್ತದೆ. ಕರೆಂಟು ಬಹಳ ಕಡೆ ಬೇರೆ. ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ. ಉದಾಹರಣೆಗೆ ಕಾಲ್ಟ್ 600, ವಾರ್ಮ್ 800 ಆದರೆ ಮೊದಲ ತಿಂಗಳು ಬೇಕಾದ್ದು 800 ಮತ್ತು ಠೇವಣಿಯ ಮೊದಲ ಕಂತು 600, ಒಟ್ಟು 1,400 ಯೂರೋ. ಬಿಡುವಾಗ "ಕೊನೇ ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಕೊಳ್ರಿ" ಎಂಬ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಸಾಮಾನ್ಯ ಕರಾರಿನಲ್ಲಿ ಮೂರು ತಿಂಗಳ ಮುಂಚೆ ಬರಹದಲ್ಲಿ ತಿಳಿಸಬೇಕು.

ಒಂದು ವಿಷಯ ಕೇಳಿ ಖಾತ್ರಿ ಮಾಡಿಕೊಳ್ಳಿ: ಅಡುಗೆಮನೆ ಇದೆಯೇ? ಅನೇಕ ಬಾಡಿಗೆ ಮನೆಗಳಲ್ಲಿ ಅಡುಗೆ ಕೋಣೆ ಎಂದರೆ ನಾಲ್ಕು ಗೋಡೆ, ಒಂದು ನೀರಿನ ಕೊಳವೆ. ಒಲೆ, ಸಿಂಕು, ಕಪಾಟು, ಕೆಲವೊಮ್ಮೆ ದೀಪ ಕೂಡ ನೀವೇ ತರಬೇಕು.

ನೋಂದಣಿ ಆದ ಮೇಲೆ ರೇಡಿಯೋ-ಟಿ.ವಿ. ಶುಲ್ಕದ ಕಾಗದ ಬರುತ್ತದೆ, ಒಂದು ಮನೆಗೆ ತಿಂಗಳಿಗೆ 18.36 ಯೂರೋ. ಟಿ.ವಿ. ಇಲ್ಲದಿದ್ದರೂ ಕಟ್ಟಬೇಕು. ಒಂದೇ ಮನೆಯಲ್ಲಿ ನಾಲ್ವರಿದ್ದರೆ ಒಬ್ಬರು ಕಟ್ಟಿ ಹಂಚಿಕೊಂಡರೆ ಸಾಕು. ಜಾಹೀರಾತೆಂದು ಹರಿದು ಬಿಸಾಡಿದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಚಳಿಗಾಲ ಶುರುವಾಗಿದೆ. ಕಿಟಕಿ ಬಾಜು ಗೋಡೆ ಮೇಲೆ, ಬೀರುವಿನ ಹಿಂದೆ ಕರೀ ಬೂಷ್ಟು ಬಂದಿದೆ. ಮನೆ ಮಾಲೀಕರು ನೀವು ಕಿಟಕಿ ತೆಗೆಯದ್ದಕ್ಕೇ ಹಿಂಗಾಗಿದ್ದು ಅಂತಾರೆ. ಹೊರಗೆ 2 ಡಿಗ್ರಿ ಇರುವಾಗ ಯಾರು ಕಿಟಕಿ ತೆಗೀತಾರ್ರೀ?
*ರಾಯಚೂರಿನಿಂದ ಹೋಗಿ ಲೈಪ್‌ಜಿಗ್‌ನಲ್ಲಿರುವ ಓದುಗರು*

ಮಾಲೀಕರು ಹೇಳಿದ್ದರಲ್ಲಿ ಹುರುಳಿದೆ. ರಾಯಚೂರಿನ ಬೇಸಿಗೆಯಲ್ಲಿ ಹಗಲು ಕಿಟಕಿ ಮುಚ್ಚಿ ಒಳಗಿನ ತಂಪು ಕಾಯ್ದುಕೊಂಡು ಬೆಳೆದವರಿಗೆ ಇದು ಉಲ್ಟಾ ಎನಿಸುವುದು ಸಹಜ. ಕಾರಣ ತಿಳಿದರೆ ಕೈ ತಾನೇ ಕಿಟಕಿಗೆ ಹೋಗುತ್ತದೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು, 0 ಡಿಗ್ರಿಯದು 5 ಗ್ರಾಂ ಮಾತ್ರ. ಅನ್ನದ ಗಂಜಿ, ಕುಕ್ಕರಿನ ಸೀಟಿ, ಬಿಸಿನೀರ ಸ್ನಾನ, ಕೋಣೆಯಲ್ಲಿ ಹರವಿದ ಒದ್ದೆ ಬಟ್ಟೆ, ರಾತ್ರಿಯಿಡೀ ನಿಮ್ಮ ಉಸಿರು, ಎಲ್ಲ ಸೇರಿ ಕೋಣೆಯ ಗಾಳಿ ತೊಯ್ದಂತಾಗುತ್ತದೆ. ಆ ಗಾಳಿ ಹೊರಗೋಡೆಯ ತಣ್ಣನೆಯ ಮೂಲೆಗೆ ತಾಗಿದಾಗ, ತಂಬಿಗೆಯ ತಣ್ಣೀರಿಗೆ ಹೊರಗೆ ಹನಿ ಕಟ್ಟುವ ಹಾಗೆ, ಗೋಡೆ ಬೆವರುತ್ತದೆ. ಬೂಷ್ಟು ಹುಟ್ಟುವುದು ಅಲ್ಲಿ.

ಹೊರಗೆ ಮಳೆ ಬರುತ್ತಿದ್ದರೂ ಚಳಿಗಾಲದ ಗಾಳಿಯಲ್ಲಿ ನೀರು ಕಡಿಮೆ. ಒಳಗೆ ಬಂದು ಬೆಚ್ಚಗಾದ ಮೇಲೆ ಅದು ಒಣಗಾಳಿ. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ, ಸಾಧ್ಯವಾದರೆ ಎದುರುಬದುರಿನ ಕಿಟಕಿಗಳನ್ನು, 5ರಿಂದ 10 ನಿಮಿಷ ಪೂರ್ತಿ ತೆರೆಯಿರಿ. ಆಗ ಹೀಟರಿನ ಗುಂಡಿ ಇಳಿಸಿ, ಮುಚ್ಚಿದ ಮೇಲೆ ಮತ್ತೆ ಏರಿಸಿ. ಅಷ್ಟು ಹೊತ್ತಿಗೆ ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ಕಿಟಕಿಯನ್ನು ಮೇಲಿನಿಂದ ಓರೆ ಮಾಡಿ ದಿನವಿಡೀ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು: ಗಾಳಿಯೂ ಸರಿಯಾಗಿ ಬದಲಾಗದು, ಕಿಟಕಿಯ ಸುತ್ತಲ ಗೋಡೆ ಮಂಜಿನಂತಾಗಿ ಅಲ್ಲೇ ಕರೀ ಕಲೆ ಏಳುತ್ತದೆ. ಅಡುಗೆ, ಸ್ನಾನ ಮುಗಿದ ಕೂಡಲೇ ಆ ಕೋಣೆಯ ಬಾಗಿಲು ಹಾಕಿ ಕಿಟಕಿ ತೆಗೆಯಿರಿ. ಬೀರುವನ್ನು ಹೊರಗೋಡೆಯಿಂದ ಐದರಿಂದ ಹತ್ತು ಸೆಂಟಿಮೀಟರ್ ಈಚೆ ಎಳೆಯಿರಿ. ತೇವ ತೋರಿಸುವ ಸಣ್ಣ ಮೀಟರು ಹತ್ತಿಪ್ಪತ್ತು ಯೂರೋಗೆ ಸಿಗುತ್ತದೆ. ಮುಳ್ಳು 40 ಮತ್ತು 60ರ ನಡುವೆ ಇರಲಿ.

ಹೀಟರಿನ ಗುಂಡಿಯ ಅಂಕಿಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 3 ಎಂದರೆ ಸುಮಾರು 20 ಡಿಗ್ರಿ, ಒಂದೊಂದು ಅಂಕಿಗೆ ಸುಮಾರು 4 ಡಿಗ್ರಿ ಹೆಚ್ಚು ಕಡಿಮೆ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಕಾಯುವುದಿಲ್ಲ, ಕಾಯುವುದು ನಿಲ್ಲುವುದಿಲ್ಲ ಅಷ್ಟೇ. ವರ್ಷಕ್ಕೊಮ್ಮೆ ಕಾಯಿಸಿದ ಲೆಕ್ಕ ಬಂದಾಗ ಅದು ಗೊತ್ತಾಗುತ್ತದೆ. ಖರ್ಚು ಉಳಿಸಲು ಪೂರ್ತಿ ಆರಿಸಿ ಹೋಗುವುದೂ ಬೇಡ, ತಣ್ಣಗಾದ ಗೋಡೆಯೇ ಬೂಷ್ಟಿಗೆ ನೆಲೆ.

ಈಗ ಬಂದಿರುವ ಕಲೆ ಅಂಗೈಯಗಲ ಇದ್ದರೆ ಶೇ. 70ರ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿ, ಕೈಗವಸು ಹಾಕಿ, ಕಿಟಕಿ ತೆರೆದು, ಹತ್ತಿರ ಬೆಂಕಿ ಇಲ್ಲದಂತೆ. ವಿನಿಗರ್ ಸುಣ್ಣದ ಗೋಡೆಗೆ ಆಗದು. ಅದಕ್ಕಿಂತ ದೊಡ್ಡದಿದ್ದರೆ, ಅಥವಾ ಇಷ್ಟೆಲ್ಲ ಮಾಡಿಯೂ ಮತ್ತೆ ಬಂದರೆ, ಗೋಡೆಯಲ್ಲೇ ದೋಷವಿರಬಹುದು. ಫೋಟೋ ತೆಗೆದು, ತಾರೀಖು ಹಾಕಿ, ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಠೇವಣಿ ವಾಪಸ್ ಕೇಳುವಾಗ ಲೆಕ್ಕಕ್ಕೆ ಬರುವುದಿಲ್ಲ.

ಮಗನ ಜೋಡಿ ತುಪ್ಪ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕೊಬ್ಬರಿ, ಕರಿಬೇವು, ಜೋಳದ ಹಿಟ್ಟು ಕಳಿಸಬೇಕಂತ ಮಾಡೀನಿ. ಅಲ್ಲಿ ರೊಟ್ಟಿ ಆಗ್ತಾವೇನ್ರೀ?
*ತಾಯಿಯೊಬ್ಬರು, ಕುಷ್ಟಗಿ*

ತುಪ್ಪ ಬೇಡಮ್ಮ. ಯೂರೋಪ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಖೋವಾ ಎಲ್ಲ ಅದರಲ್ಲೇ ಬರುತ್ತವೆ. ಅಲ್ಲಿ ಉಪ್ಪಿಲ್ಲದ ಬೆಣ್ಣೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಕಾಸಿಕೊಳ್ಳಲಿ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಅದೂ ಬೇಡ. ಇಡೀ ಕೊಬ್ಬರಿ ಗಿಟುಕು ಎಣ್ಣೆಯಿಂದಾಗಿ ಬೇಗ ಬೆಂಕಿ ಹಿಡಿಯುವ ವಸ್ತು ಎಂದು ವಿಮಾನ ನಿಲ್ದಾಣದಲ್ಲೇ ಚೀಲದಿಂದ ತೆಗೆಸುತ್ತಾರೆ. ಹಿಂಡಿ, ಪುಡಿಗಳು, ಹಿಟ್ಟು ಮನೆ ಬಳಕೆಯಷ್ಟು ಒಯ್ಯಬಹುದು. ಎರಡು ಪದರ ಪ್ಯಾಕ್ ಮಾಡಿ, ಹೆಸರು ಬರೆದು ಚೆಕ್‌ಇನ್ ಚೀಲದಲ್ಲಿಡಿ. ವಿಮಾನ ದುಬೈ ಮೇಲೆ ಹೋಗುವುದಾದರೆ ಗಸಗಸೆ ಒಂದು ಚಮಚವೂ ಬೇಡ, ಆ ದೇಶದಲ್ಲಿ ಅದು ನಿಷಿದ್ಧ. ದಿನಾ ನುಂಗುವ ಮಾತ್ರೆ ಇದ್ದರೆ ಮೂರು ತಿಂಗಳಿಗಾಗುವಷ್ಟು, ವೈದ್ಯರ ಚೀಟಿಯೊಡನೆ.

ರೊಟ್ಟಿ ಆಗುತ್ತವೆ. ಅಲ್ಲಿ ಗ್ಯಾಸ್ ಜ್ವಾಲೆ ಅಪರೂಪ, ಗಾಜಿನ ಕರೆಂಟು ಒಲೆ ಹೆಚ್ಚು. ಆ ಒಲೆ ಬಿಟ್ಟು ಬಿಟ್ಟು ಕಾಯುತ್ತದೆ, ಹಗುರ ಹಂಚು ನಡುವೆ ಆರಿ ರೊಟ್ಟಿ ಒಣಗಿ ಸೀಳುತ್ತದೆ. ತಳ ಪೂರ್ತಿ ಚಪ್ಪಟೆ ಇರುವ ದಪ್ಪ ಕಬ್ಬಿಣದ ಹಂಚು ಕಳಿಸಿ. ನಡು ತಗ್ಗಿನದು ಗಾಜಿಗೆ ಕೂರುವುದಿಲ್ಲ. ಒಂಬತ್ತು ಅಂಕಿಯ ಒಲೆಯಲ್ಲಿ ಎಂಟಕ್ಕಿಟ್ಟು ಏಳೆಂಟು ನಿಮಿಷ ಕಾಯಿಸಿ, ನೀರು ಸವರಿದ ರೊಟ್ಟಿ ಮಗುಚಿದ ಮೇಲೆ ಮಡಚಿದ ಬಟ್ಟೆಯಿಂದ ಅಂಚು ಒತ್ತುತ್ತಾ ಹೋದರೆ ಉಬ್ಬುತ್ತದೆ. ಕುಕ್ಕರಿನ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಮಾತ್ರ ಇಂಡಕ್ಷನ್ ಒಲೆಗೆ ಆಗುತ್ತದೆ, ಅಲ್ಯೂಮಿನಿಯಂ ಆಗದು. ಮಿಕ್ಸರಿಗೆ ವೋಲ್ಟೇಜ್ ಒಂದೇ, 230. ಪ್ಲಗ್ಗು ಮಾತ್ರ ಬೇರೆ; ಅರ್ಥಿಂಗ್ ಇರುವ ಅಡಾಪ್ಟರ್ ಕೊಳ್ಳಿ.

ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ?
*ಓದುಗರು, ಹೊಸಪೇಟೆ*

ವಾಸ ಶುರುವಾದ ದಿನದಿಂದ ಆರು ತಿಂಗಳು, ಜೊತೆಗೆ ಅಧಿಕೃತ ಜರ್ಮನ್ ಅನುವಾದ ಬೇಕು. ಆಮೇಲೆ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡೂ ಬರೆಯಬೇಕು. ಕಡ್ಡಾಯ ತರಗತಿಗಳ ಲೆಕ್ಕ ನಿಮಗಿಲ್ಲ, ಆದರೂ ಬಲಬದಿ ಓಡಿಸುವುದಕ್ಕೆ ಕೈ ಕೂರಲು ಕೆಲವು ಪಾಠ ಬೇಕಾಗುತ್ತವೆ.

ಅಣ್ಣ ಜರ್ಮನಿಗೆ ಹೋದ. ಅವನ ಹೆಸರಲ್ಲಿ ನಾಲ್ಕೆಕರೆ ಗದ್ದೆ, ಬ್ಯಾಂಕ್ ಖಾತೆ ಇವೆ. ಇಲ್ಲಿ ಏನೇನು ಬದಲಾಯಿಸಬೇಕು?
*ರೈತರು, ಸಿಂಧನೂರು*

ಗದ್ದೆ ಅವರದ್ದೇ ಆಗಿ ಉಳಿಯುತ್ತದೆ. ಅನಿವಾಸಿಯಾದ ಮೇಲೆ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಮೊದಲಿನದನ್ನೂ ಪಿತ್ರಾರ್ಜಿತವನ್ನೂ ಇಟ್ಟುಕೊಳ್ಳಬಹುದು. ಪಿ.ಎಂ. ಕಿಸಾನ್ ಹಣ ಅನಿವಾಸಿಗಳಿಗೆ ಸಲ್ಲದು. ಅವರ ಹೆಸರಲ್ಲಿ ಬರುತ್ತಿದ್ದರೆ ನಿಲ್ಲಿಸಲು ಬರೆದುಕೊಡಿ, ಇಲ್ಲದಿದ್ದರೆ ವಾಪಸ್ ಕಟ್ಟಬೇಕಾಗುತ್ತದೆ. ಉಳಿತಾಯ ಖಾತೆಯನ್ನು ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ, ಅಂದರೆ ಅನಿವಾಸಿಗಳ ಇಲ್ಲಿನ ಆದಾಯದ ಖಾತೆಯಾಗಿ ಬದಲಿಸಬೇಕು. ಅಲ್ಲಿಂದ ಕಳಿಸುವ ದುಡ್ಡಿಗೆ ಬೇರೆ ಎನ್‌ಆರ್‌ಇ ಖಾತೆ ತೆರೆದರೆ ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ.

ಅಣ್ಣನ ಇಲ್ಲಿನ ಸಿಮ್ ಸಾಯಲು ಬಿಡಬೇಡಿ. ಬ್ಯಾಂಕಿನ ಒಟಿಪಿ ಎಲ್ಲ ಅದಕ್ಕೇ ಬರುವುದು. ರೋಮಿಂಗ್ ಹೋಗುವ ಮುನ್ನ ಇಲ್ಲೇ ಚಾಲೂ ಮಾಡಿಸಿ, ನಂಬರು ಉಳಿಯುವಷ್ಟು ರೀಚಾರ್ಜನ್ನು ನೀವು ಇಲ್ಲಿಂದ ಹಾಕುತ್ತಿರಿ.

ಪಹಣಿ, ಸಾಲ, ಸೊಸೈಟಿಯ ಸಹಿಗೆ ನಿಮಗೆ ಅಧಿಕಾರ ಪತ್ರ ಬೇಕು. ಹೋಗುವ ಮುನ್ನ ಉಪನೋಂದಣಿ ಕಚೇರಿಯಲ್ಲಿ ಮಾಡಿಸುವುದು ಸುಲಭ. ಹೋದ ಮೇಲೆ ಆದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ಮಾಡಿ, ದೃಢೀಕರಿಸಿ ಕಳಿಸಬೇಕು. ಮೂಲ ಪ್ರತಿ ನಿಮ್ಮ ಕೈ ಸೇರಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿ. ಲಕೋಟೆಯನ್ನು ಬಿಸಾಡಬೇಡಿ, ಅಂಚೆ ಮುದ್ರೆಯ ತಾರೀಖೇ ಅದು ಯಾವಾಗ ಬಂತೆಂಬುದಕ್ಕೆ ಸಾಕ್ಷಿ.