ಕೊರೆಯುವ ತಣ್ಣೀರಿನಲ್ಲಿ ಅನುಭವಿ ಸ್ಕೂಬಾ ಡೈವರ್‌ಗಳೂ ಸಾಯುವುದೇಕೆ?

ಮರಣೋತ್ತರ ವರದಿಯಲ್ಲಿ ಬಹುಮಟ್ಟಿಗೆ ‘ನೀರಿನಲ್ಲಿ ಮುಳುಗಿ ಸಾವು’ ಎಂದಿರುತ್ತದೆ. ಆದರೆ ಅದು ಕೊನೆಯ ಕೊಂಡಿ ಮಾತ್ರ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ, ಅದರ ಒತ್ತಡ ತಗ್ಗಿಸಿ ಡೈವರ್‌ನ ಬಾಯಿಗೆ ತಲುಪಿಸುವ ಸಾಧನವಾದ ರೆಗ್ಯುಲೇಟರಿನೊಳಗೆ ಹಿಗ್ಗುವಾಗ ತೀವ್ರವಾಗಿ ತಣಿಯುತ್ತದೆ. ಸುತ್ತಲಿನ ನೀರೂ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ, ಕವಾಟದ ಬಳಿ ಮಂಜುಗಡ್ಡೆ ಕಟ್ಟಿ, ಕವಾಟ ಮುಚ್ಚಲಾರದೆ ತೆರೆದೇ ಉಳಿದು, ಗಾಳಿಯೆಲ್ಲ ಗುಳ್ಳೆಗಳಾಗಿ ನುಗ್ಗಿ ಹೋಗಿ ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಬರಿದಾಗಬಹುದು. 30 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ನಾಲ್ಕು ಪಟ್ಟು ಇರುವುದರಿಂದ ಪ್ರತಿ ಉಸಿರಿಗೂ ಅಷ್ಟೇ ಪಟ್ಟು ಗಾಳಿ ಖರ್ಚಾಗುತ್ತದೆ. ಗಾಬರಿಯ ಏದುಸಿರು ಅದನ್ನು ಮತ್ತಷ್ಟು ಬೇಗ ಮುಗಿಸುತ್ತದೆ.

ಇದೇ ಹೊತ್ತಿಗೆ ದಪ್ಪ ಕೈಗವಸಿನೊಳಗೆ ಮರಗಟ್ಟಿದ ಬೆರಳುಗಳಿಗೆ ತೂಕದ ಬೆಲ್ಟಿನ (ನೀರಿನಲ್ಲಿ ಮುಳುಗಲು ಕಟ್ಟಿಕೊಳ್ಳುವ, ಕಳಚಿದರೆ ಮೇಲೆ ತೇಲಲು ನೆರವಾಗುವ ಬೆಲ್ಟು) ಬಕಲ್ ಬಿಚ್ಚುವುದೂ ಕಷ್ಟ. ಮೃತರ ಸೊಂಟದಲ್ಲಿ ಆ ಬೆಲ್ಟು ಹಾಗೆಯೇ ಇದ್ದುದು ಮತ್ತೆ ಮತ್ತೆ ಕಂಡುಬಂದಿದೆ. ನನ್ನನ್ನು ಅತ್ಯಂತ ಕಲಕುವ ಸಂಗತಿ ಇದೇ. ತಣ್ಣೀರು ರಕ್ತನಾಳಗಳನ್ನು ಕುಗ್ಗಿಸಿ ಹೃದಯದ ಹೊರೆಯನ್ನೂ ಹೆಚ್ಚಿಸುವುದರಿಂದ, ನಡುವಯಸ್ಸು ದಾಟಿದವರು ಹೃದಯ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ತಣ್ಣೀರಿಗೆಂದೇ ತಯಾರಾದ ರೆಗ್ಯುಲೇಟರ್, ಸಿಲಿಂಡರಿನ ಪ್ರತ್ಯೇಕ ಕವಾಟಕ್ಕೆ ಜೋಡಿಸಿದ ಇನ್ನೊಂದು ರೆಗ್ಯುಲೇಟರ್, ಡ್ರೈಸೂಟ್ (ನೀರು ಒಳಬರದಂತೆ ಮೈಮುಚ್ಚುವ ಉಡುಪು) ಬಳಕೆಯ ತರಬೇತಿ, ಈ ಮೂರೂ ಇಲ್ಲದೆ ಇಳಿಯಬಾರದು. ಹಾಗೆಯೇ ದಡದ ಶೀತಗಾಳಿಯಲ್ಲಿ ನಿಂತು ರೆಗ್ಯುಲೇಟರಿನ ಮೂಲಕ ಸುಮ್ಮನೆ ಉಸಿರಾಡಿ ನೋಡಬಾರದು, ಏಕೆಂದರೆ ಉಸಿರಿನ ತೇವವೇ ಒಳಗೆ ಹೆಪ್ಪುಗಟ್ಟಬಹುದು.