ತಂಟೆ ಮಾಡದ ಮಗು ಚೆನ್ನಾಗಿಯೇ ಇರುತ್ತದೆಯೇ?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಂಥ ಮಗು, ಇಂಥ ಹಿರಿಯರು ಸಲಹೆಗಾಗಿ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ ಬರೆಯಬೇಕಾಯಿತು.

ಮೂರನೇ ತರಗತಿಯ ಹುಡುಗಿ. ಶಾಲೆಯಿರುವ ದಿನ ಬೆಳಿಗ್ಗೆ ಹೊಟ್ಟೆನೋವು, ರಜೆಯ ದಿನ ಇಲ್ಲ. ಮಕ್ಕಳ ವೈದ್ಯರಿಗೆ ಕಾಯಿಲೆಯೇನೂ ಕಾಣಲಿಲ್ಲ. ‘ಶಾಲೆಯಲ್ಲಂತೂ ಚೆನ್ನಾಗಿದ್ದಾಳೆ’ ಎಂಬುದರಲ್ಲಿ ಹಿರಿಯರು ಯಾರಿಗೂ ಅನುಮಾನವಿರಲಿಲ್ಲ. ತಾಯಿಗೆ ಖಾಲಿಯಾಗಿ ಬರುವ ಊಟದ ಡಬ್ಬಿ ಸಾಕ್ಷಿ, ತಂದೆಗೆ ಅಂಕಪಟ್ಟಿ. ಶಿಕ್ಷಕಿ ಇನ್ನೊಂದು ಪುರಾವೆ ಕೊಟ್ಟರು: ತರಗತಿಯ ಗೋಡೆಯ ಮೇಲಿನ ‘ಇಂದು ನನಗೆ ಹೇಗನಿಸುತ್ತಿದೆ?’ ಚಾರ್ಟ್. ನಗುವ, ಸಪ್ಪೆಯಾದ, ಅಳುವ ಮುಖಗಳ ಪೈಕಿ ಒಂದರ ಕೆಳಗೆ ಮಕ್ಕಳು ದಿನವೂ ತಮ್ಮ ಹೆಸರಿನ ಚೀಟಿ ಸಿಕ್ಕಿಸಬೇಕು. ಇವಳ ಚೀಟಿ ಸದಾ ನಗುವ ಮುಖದ ಕೆಳಗೆ.

ಹುಡುಗಿ ಒಬ್ಬಳೇ ಇದ್ದಾಗ ಆ ಚಾರ್ಟ್ ಬರೆದು ತೋರಿಸಲು ಹೇಳಿದೆ. ಅಳುವ ಮುಖಕ್ಕೆ ಕಣ್ಣೀರು ಬರೆದಳು, ರಬ್ಬರಿನಿಂದ ಉಜ್ಜಿದಳು, ಮತ್ತೆ ಬರೆದಳು.

‘ಇದರ ಕೆಳಗೆ ಯಾರು ಸಿಕ್ಕಿಸುತ್ತಾರೆ?’

‘ಯಾರೂ ಇಲ್ಲ. ಇಲ್ಲಿ ಸಿಕ್ಕಿಸಿದರೆ ಮಿಸ್ ಎಲ್ಲರ ಮುಂದೆ ಏನಾಯಿತು ಎಂದು ಕೇಳುತ್ತಾರೆ. ಆಮೇಲೆ ಅಮ್ಮನಿಗೆ ಫೋನ್ ಮಾಡುತ್ತಾರೆ. ಅಮ್ಮ ಅಳುತ್ತಾಳೆ.’ ಪೆನ್ಸಿಲ್ ಕೆಳಗಿಟ್ಟು ಸೇರಿಸಿದಳು: ‘ನಗುವುದಕ್ಕೆ ಸಿಕ್ಕಿಸಿದರೆ ಬೇಗ ಮುಗಿಯುತ್ತದೆ.’

ಎಂಟು ವರ್ಷದ ಮಗು ಹಿರಿಯರ ಕ್ಷೇಮ ನೋಡಿಕೊಳ್ಳುತ್ತಿತ್ತು! ನಿಜವಾದ ಸಂಗತಿ ಆಮೇಲೆ ತಿಳಿಯಿತು. ಮಾತು ಹೆಚ್ಚೆಂದು ಅವಳನ್ನೂ ಗೆಳತಿಯನ್ನೂ ಬೇರೆ ಬೇರೆ ವಿಭಾಗಕ್ಕೆ ಹಾಕಿದ್ದರು. ತರಗತಿ ಶಾಂತವಾಯಿತು; ಬಿಡುವಿನ ವೇಳೆ ಇವಳಿಗೆ ಜೊತೆಯಿಲ್ಲದಾಯಿತು.

‘ನಾವೆಲ್ಲರೂ ಒಂದೇ ಮಾತು ಹೇಳುತ್ತಿದ್ದೇವಲ್ಲ’ ಎಂದರು ತಂದೆ. ಹಿರಿಯರಲ್ಲಿ ಒಮ್ಮತವಿರುವುದು ದೊಡ್ಡದಲ್ಲ. 1987ರಲ್ಲಿ ಮನೋವಿಜ್ಞಾನಿ ಥಾಮಸ್ ಅಖೆನ್‌ಬಾಕ್ ಮತ್ತು ಸಂಗಡಿಗರು ಮಕ್ಕಳ ಭಾವನೆ, ನಡವಳಿಕೆಗಳ ಕುರಿತ 119 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ತಂದೆ ಮತ್ತು ತಾಯಿಯಂಥ ಸಮಾನ ಸ್ಥಾನದವರ ಅಂದಾಜುಗಳ ನಡುವಿನ ಸಹಸಂಬಂಧ (ಅವು ಎಷ್ಟು ಹೊಂದುತ್ತವೆ ಎಂಬ ಅಳತೆ; 1 ಎಂದರೆ ಪೂರ್ಣ ಹೊಂದಿಕೆ) ಸರಾಸರಿ 0.60 ಇತ್ತು, ಮಕ್ಕಳು ತಮ್ಮ ಬಗ್ಗೆ ಹೇಳಿಕೊಂಡದ್ದಕ್ಕೂ ಇತರರು ಹೇಳಿದ್ದಕ್ಕೂ ಕೇವಲ 0.22.

ಹುಡುಗಿಗೆ ಸಾಲು ಸಾಲು ಭೇಟಿ ಬೇಡವೆಂದೆ. ಸಲಹೆ ಬೇಕಿದ್ದುದು ಹಿರಿಯರಿಗೆ. ಚಾರ್ಟನ್ನು ಗೋಡೆಯಿಂದ ಇಳಿಸಿ, ಹೇಳಿಕೊಳ್ಳಬೇಕೆನಿಸಿದ ಮಗು ಶಿಕ್ಷಕಿಯೊಬ್ಬರಿಗೇ ಹೇಳುವಂತಿರಲಿ. ಎರಡೂ ವಿಭಾಗಗಳಿಗೆ ಆಟದ ಅವಧಿ ಒಟ್ಟಿಗೆ ಬರಲಿ. ಮನೆಯಲ್ಲಿ ‘ಖುಷಿಯಾಗಿದ್ದೆಯಾ?’ ಎನ್ನುವ ಬದಲು ‘ಬಿಡುವಿನಲ್ಲಿ ಯಾರ ಜೊತೆಗಿದ್ದೆ?’ ಎಂದು ಕೇಳಿ. ಬೇಸರವೆಂದರೆ ತಕ್ಷಣ ಪರಿಹಾರಕ್ಕೆ ಓಡಬೇಡಿ, ಕೇಳಿಸಿಕೊಳ್ಳಿ.

‘ಹಾಗಾದರೆ ಮಗು ಹೇಳಿದಂತೆ ಶಾಲೆ ನಡೆಯಬೇಕೇ?’ ಈ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗುವಿನ ಅಭಿಪ್ರಾಯಕ್ಕೆ ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕ ಮನ್ನಣೆ ಕೊಡಿ ಎನ್ನುತ್ತದೆ. ತೀರ್ಮಾನವನ್ನೇ ಮಗುವಿನ ಕೈಗೊಪ್ಪಿಸಿ ಎನ್ನುವುದಿಲ್ಲ. ನಾನು ಕೇಳಿದ್ದೂ ಅಷ್ಟೇ.

ಶಿಕ್ಷಕಿ ಒಪ್ಪಿದರು. ತಂದೆ ಈಗಲೂ ಒಪ್ಪಿಲ್ಲ. ವಯಸ್ಸಾದಂತೆ ಹೊಟ್ಟೆನೋವು ತಾನಾಗಿಯೇ ಕಡಿಮೆಯಾಯಿತು ಎನ್ನುತ್ತಾರೆ. ಆದರೆ ಆಟದ ಅವಧಿಯನ್ನು ಮತ್ತೆ ಬೇರೆ ಮಾಡಲು ಶಾಲೆ ಹೊರಟಾಗ ಬೇಡವೆಂದು ಬರೆದುಕೊಟ್ಟವರೂ ಅವರೇ.